ಎರಡು ಕಂಡೆನ್ಸರಿನ ಲೆಕ್ಕ

ಮೊನ್ನೆ ಮನೆಯ ಹಳೇ ಫ್ಯಾನಿನ ಕಂಡೆನ್ಸರ್ ಸುಟ್ಟಿತು. ಆ ಕಮಟು ವಾಸನೆ ಮೂಗಿಗೆ ಬಡಿದದ್ದೇ ರೇಡಿಯೋ ರಿಪೇರಿಯವರು ನೆನಪಾದರು. ಇಷ್ಟು ವರ್ಷ ಬೇಕೆಂದೇ ಮರೆತಿದ್ದೆ...

ಅರುವತ್ತನೇ ಇಸವಿಯ ನಂತರದ ಮಾತು. ಪುತ್ತೂರಿನಲ್ಲಿ ನಮ್ಮದು ಸಣ್ಣ ಚಾ ಹೋಟೆಲು. ಪಕ್ಕದ ಕೋಣೆಯಲ್ಲಿ ಅವರು ರೇಡಿಯೋ ರಿಪೇರಿ ಮಾಡುತ್ತಿದ್ದರು. ಯಾವುದನ್ನೂ ಖಂಡಿತ ಎನ್ನುವ ಮನುಷ್ಯ ಅಲ್ಲ. ಎರಡನೇ ಕ್ಲಾಸು ಕಲಿತ ನನಗೆ ಅದು ಹಿಡಿಸುತ್ತಿರಲಿಲ್ಲ.

ಒಮ್ಮೆ ನಮ್ಮ ಹೋಟೆಲಿನ ರೇಡಿಯೋ ಕೆಟ್ಟಿತು. ಗಿರಾಕಿಗಳು ಎದುರಿನ ಹೋಟೆಲಿಗೆ ಹೋಗಿ ಕೂತರು. ಒಳಗಿನ ಕಂಡೆನ್ಸರ್ ಹೋಗಿದೆ, ಹೊಸತು ಮಂಗಳೂರಿನಿಂದ ಬರಲು ಎಂಟು ದಿನ ಎಂದರು ರಿಪೇರಿಯವರು. ಅವರಲ್ಲಿ ಇದ್ದದ್ದು ಕಡಿಮೆ ವೋಲ್ಟಿನ ಎರಡು. ಸಾಲಾಗಿ ಜೋಡಿಸಿದರೆ ನಡೆಯಬಹುದು, ನಡೆಯದೆಯೂ ಇರಬಹುದು ಎಂದು ಬೀಡಿಕಟ್ಟಿನ ಕಾಗದದಲ್ಲಿ ಲೆಕ್ಕ ಹಾಕತೊಡಗಿದರು.

“ಇದರ ಮೇಲೆ ಬರೆದ ಅಳತೆ ಖಂಡಿತ ಅಲ್ಲ ಮಾರಾಯ್ತಿ. ಒಂದು ಹೆಚ್ಚಿರಬಹುದು, ಇನ್ನೊಂದು ಕಮ್ಮಿ ಇರಬಹುದು. ಒಂದೇ ಮರದ ತುಂಡಿಗೆ ಇಬ್ಬರು ಹೆಗಲು ಕೊಟ್ಟ ಹಾಗೆ, ಗಿಡ್ಡನ ಮೇಲೆ ಭಾರ ಜಾಸ್ತಿ. ವ್ಯತ್ಯಾಸ ತೀರಾ ಹೆಚ್ಚಿದ್ರೆ ಸಣ್ಣದು ಒಡೀತದೆ.”

“ಇದ್ರೆ, ಇದ್ರೆ! ಒಡೀತದಾ ಇಲ್ವಾ, ಒಂದು ಹೇಳಿ.”

“ಅದು ಹೇಳ್ಲಿಕ್ಕಾಗುದಿಲ್ಲ.”

“ಮತ್ತೆ ಎಂತಕ್ಕೆ ಇಷ್ಟುದ್ದ ಲೆಕ್ಕ? ಹೆಂಡತಿ ಅನ್ನ ಬೆಂದಿದೆಯಾ ಕೇಳಿದ್ರೂ ಹೆಚ್ಚು ಕಮ್ಮಿ ಅಂತೀರಾ?”

ಅಲ್ಲಿದ್ದವರೆಲ್ಲ ನಕ್ಕರು. ಅವರ ಮುಖ ಸಣ್ಣಗಾಯಿತು. ಲೆಕ್ಕದ ಕಾಗದ ಬದಿಗಿಟ್ಟು ಎರಡನ್ನೂ ಬೆಸೆದರು.

ರೇಡಿಯೋ ಹಾಡಿತು. ನಾನು ಗೆದ್ದೆ ಅಂದುಕೊಂಡೆ. ಒಳಗೇನೋ ಗುಂಯ್ ಎನ್ನುತ್ತದೆಂದು ಅವರು ಬಗ್ಗಿ ನೋಡಿದರು, ಅಷ್ಟರಲ್ಲಿ ಕಂಡೆನ್ಸರ್ ಒಡೆದು ಮುಖಕ್ಕೆ ಸಿಡಿಯಿತು. ಬಲಗಣ್ಣು ಹೋಯಿತು. ಎಡಗಣ್ಣು ಮೊದಲೇ ಮಂದ.

ಅವರ ಹೆಂಡತಿ ಓಡಿ ಬಂದು ಹೇಗಾಯಿತೆಂದು ಕೇಳಿದರು. “ನನ್ನ ಲೆಕ್ಕ ತಪ್ಪಿತು” ಅಂದರು ರಿಪೇರಿಯವರು. ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ನಕ್ಕವರೂ ಬಿಡಲಿಲ್ಲ.

ಅಂಗಡಿ ಮುಚ್ಚಿ ಸುಳ್ಯದ ಕಡೆ ಹೆಂಡತಿಯ ಮನೆಗೆ ಹೋದರು. ಲೆಕ್ಕ ಬಾರದೆ ಕಣ್ಣು ಕಳಕೊಂಡವ ಎಂದು ಅಲ್ಲಿನವರು ಅವರನ್ನು ಸಾಯುವವರೆಗೂ ಹಂಗಿಸಿದರಂತೆ. ನಿಜ ಹೇಳುವ ಎಂದು ಒಮ್ಮೆ ಸುಳ್ಯದ ಬಸ್ಸು ಹತ್ತಿದ್ದೆ, ಕಬಕದ ನನ್ನ ಗಂಡನ ಮನೆಯಿಂದ... ದಾರಿ ನಡುವೆ ಪುತ್ತೂರಿನಲ್ಲೇ ಇಳಿದುಬಿಟ್ಟೆ.

ಈಗ ಆ ಗಂಡ ಹೆಂಡತಿ ಇಬ್ಬರೂ ಇಲ್ಲ. ಅವರ ಲೆಕ್ಕ ಸರಿಯಾಗಿಯೇ ಇತ್ತು, ಅವಸರ ಮಾಡಿದ್ದು ನಾನು ಎಂದು ಆ ಹೆಂಗಸಿಗೆ ಹೇಳಲು ಒಂದು ಮಾತು ಸಾಕಿತ್ತು.