ಅಮ್ಮನ ಕಿವಿಗೆ ಬಿದ್ದ ‘ಬೇಡ್ವಾ’

ಮಾತು ಕಲಿಯುವ ಮೊದಲೇ ರಾಗ ಎಳೆಯುತ್ತಿದ್ದಳೆಂದು ಅಪ್ಪ ಅವಳನ್ನು ಗುನುಗಿ ಎಂದು ಕರೆದ. ಅಪ್ಪ ಹೋದ ಮೇಲೂ ಹೆಸರು ಉಳಿಯಿತು. ಮೂವತ್ತು ದಾಟಿದ ಗುನುಗಿಗೆ ಕಟ್ಟುಹಲ್ಲು ಮಾಡುವ ಕಡೆ ಕೆಲಸ. ಹಗಲೆಲ್ಲ ಯಾರದೋ ದವಡೆಯ ಅಚ್ಚಿನ ಮೇಲೆ ಮೇಣ ತೀಡಿ ಹಲ್ಲು ಕೂರಿಸುವಳು. ಸಂಜೆ ಕೋಣೆಯ ಬಾಗಿಲು ಹಾಕಿಕೊಂಡು ಕೀಬೋರ್ಡು, ಕಂಪ್ಯೂಟರಿನ ಮುಂದೆ ಕೂರುವಳು. ಹಾಗೆ ಕೂತು ಕೂತೇ ಒಂದು ಆಲ್ಬಮ್ ಮಾಡಿದಳು. ಕಂಪನಿಯ ಹಂಗಿಲ್ಲ, ಜೊತೆಗಾರರಿಲ್ಲ. ಅದನ್ನು ಇಂಟರ್ನೆಟ್ಟಿಗೆ ಹಾಕಿದ ದಿನದಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ಒಂದು ಹಾಡಿನಲ್ಲಿ ಅಮ್ಮನ ದನಿಯಿತ್ತು. ರೆಕಾರ್ಡಿಂಗ್ ಮಾಡುವಾಗ ಅಮ್ಮ ಬಾಗಿಲಾಚೆಯಿಂದ ಕೂಗಿದ್ದಳು: “ಅದೇನು ಒಳಗೇ ಕೂತಿರ್ತೀಯೇ? ನಿನಗೆ ಗಂಡ ಬೇಡ್ವಾ, ಮಕ್ಕಳು ಬೇಡ್ವಾ?” ಸಿಟ್ಟು ನೆತ್ತಿಗೇರಿದ ಗುನುಗಿ ಆ ‘ಬೇಡ್ವಾ’ವನ್ನು ತುಂಡರಿಸಿ, ಕುಣಿಸುವ ತಾಳಕ್ಕೆ ಕೂರಿಸಿಬಿಟ್ಟಿದ್ದಳು. ಬೇಡ್ವಾ, ಬೇಡ್ವಾ, ಬೇಡ್ವಾ-ಬೇಡ್ವಾ. ಅಮ್ಮನಿಗೆ ಹೇಳಿರಲಿಲ್ಲ. ಇಂಥ ಹಾಡು ಕೇಳುವವಳೇ ಅಲ್ಲ ಎಂಬ ಧೈರ್ಯ.

ಪತ್ರಿಕೆಯ ವಿಮರ್ಶಕ ಕಡ್ಡಿ ಮುರಿದಂತೆ ಬರೆದ: “ಯಂತ್ರದ ಬೆನ್ನ ಹಿಂದೆ ಅಡಗಿ ಕೂತ ಗಾಯಕಿ. ದನಿಯಲ್ಲಿ ಕಾವಿಲ್ಲ. ಆ ಬೈಗುಳದ ಹಾಡಂತೂ ಅಗ್ಗದ ಚಮತ್ಕಾರ.” ಕೆಲಸದ ಮೇಜಿನಲ್ಲೇ ಅದನ್ನೋದಿದ ಗುನುಗಿಯ ಕೈ ತಪ್ಪಿತು.

“ಏನೇ ಇದು, ಕೋರೆಹಲ್ಲು ಹೊರಗೆ ಬಂದಿದೆ!” ಎಂದಳು ಪಕ್ಕದಲ್ಲಿ ಪಾಲಿಶ್ ಮಾಡುವವಳು. “ಈ ಹಲ್ಲು ಮಾಡಿಸ್ತಿರೋ ಅಜ್ಜಿ ಇದನ್ನ ಹಾಕ್ಕೊಂಡ್ರೆ ಮೊಮ್ಮಕ್ಕಳು ದಿಕ್ಕಾಪಾಲಾಗಿ ಓಡ್ತವೆ.”

ಕೇಳುಗರು ಬೇರೆ ದಾರಿ ಹಿಡಿದರು. ಉಳಿದ ಹಾಡುಗಳನ್ನು ಮೂಸಿಯೂ ನೋಡದವರು ‘ಬೇಡ್ವಾ’ವನ್ನು ತಲೆಯ ಮೇಲೆ ಹೊತ್ತರು. “ಥೇಟ್ ನಮ್ಮಮ್ಮ!” “ನಕ್ಕು ನಕ್ಕು ಹೊಟ್ಟೆ ಹುಣ್ಣಾಯ್ತು.” ಕೆಲವರು ಕುಣಿದು ವಿಡಿಯೊ ಹಾಕಿದರು. ಬೈದವನ ಮಾತು ಮುಳ್ಳಾಗಿದ್ದರೆ, ಈ ಹೊಗಳಿಕೆ ನುಂಗಲೂ ಆಗದ, ಉಗುಳಲೂ ಆಗದ ತುತ್ತಾಯಿತು. ಗಳಿಗೆಗೊಮ್ಮೆ ಫೋನು ನೋಡುವಳು, ಮಗುಚಿ ಹಾಕುವಳು, ಮತ್ತೆ ಎತ್ತಿಕೊಳ್ಳುವಳು.

ಒಂದು ಭಾನುವಾರ ಅಮ್ಮ ಚಿಕ್ಕಮ್ಮನ ಮನೆಗೆ ಹೋಗಿ ಬಂದಳು.

“ಚಿಕ್ಕಮ್ಮನ ಫೋನಲ್ಲಿ ನಾನಿದ್ದೆ,” ಎಂದಳು ಚಪ್ಪಲಿ ಬಿಡುತ್ತಲೇ. “ಯಾರ್ಯಾರೋ ನನ್ನ ಮಾತಿಗೆ ಸೊಂಟ ಕುಣಿಸ್ತಿದ್ರು.”

ಗುನುಗಿ ಕಂಪ್ಯೂಟರಿನತ್ತ ಧಾವಿಸಿದಳು. “ತೆಗೆದುಬಿಡ್ತೀನಮ್ಮಾ. ಈಗಲೇ.”

“ತೆಗಿ ಅಂತ ಯಾರಂದ್ರು? ಪೂರ್ತಿ ಹಾಕು.”

ಅಮ್ಮ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದಳು. ಹಾಡು ಮುಗಿಯಿತು.

“ಆಮೇಲೆ?”

“ಅಷ್ಟೇ.”

“ಅಷ್ಟೇ ಹೇಗಾಗತ್ತೆ? ಊಟ ಆರಿಹೋಗತ್ತೆ ಬಾರೇ, ನಾನೂ ಉಂಡಿಲ್ಲ ಅಂತ ಅಂದಿದ್ದೆನಲ್ಲ, ಅದನ್ಯಾಕೆ ಕತ್ತರಿಸಿದೆ?”

“ತಾಳಕ್ಕೆ ಕೂರ್ತಿರಲಿಲ್ಲ,” ಎಂದಳು ಗುನುಗಿ. ಅದು ಸುಳ್ಳು. ಅಂದು ಆ ಮಾತಿನವರೆಗೆ ಅವಳು ಕೇಳಿಸಿಕೊಂಡೇ ಇರಲಿಲ್ಲ. ಹಳೆಯ ರೆಕಾರ್ಡಿಂಗ್ ತೆರೆದಳು. ‘ಬೇಡ್ವಾ’ ಆಗಿ ಒಂದಷ್ಟು ಹೊತ್ತು ಮೌನ. ಆಮೇಲೆ, ಇಳಿದ ದನಿಯಲ್ಲಿ, ಅಮ್ಮ ಹೇಳಿದ್ದು ಹೇಳಿದಂತೆಯೇ ಇತ್ತು.

ಆ ವಾರವಿಡೀ ಹಾಡನ್ನು ಬಿಚ್ಚಿದಳು, ಕಟ್ಟಿದಳು. ಹಾಡಿನ ಕೊನೆಯಲ್ಲಿ ತಾಳವನ್ನೆಲ್ಲ ನಿಲ್ಲಿಸಿ ಊಟಕ್ಕೆ ಕರೆದ ಆ ಮಾತನ್ನು ಮಾತ್ರ ಉಳಿಸಿ, ಅದನ್ನು ಮತ್ತೆ ಇಂಟರ್ನೆಟ್ಟಿಗೆ ಹಾಕಿದಳು. ವಿಮರ್ಶಕ ಈ ಸಲ “ಕಣ್ಣೀರಿಗೆ ಕೈಚಾಚಿದ ಹಾಡು” ಎಂದ. ಕೇಳುಗರು “ಮೊದಲಿನದೇ ಚೆನ್ನಾಗಿತ್ತು, ಮಜಾ ಕೆಡಿಸಿದ್ರಿ” ಎಂದು ಗೊಣಗಿದರು.

ಅಮ್ಮ ಮಾತ್ರ ಎರಡು ಸಲ ಹಾಕಿಸಿಕೊಂಡು ಕೇಳಿದಳು. “ಈಗ ಸರಿಹೋಯ್ತು ನೋಡು,” ಎಂದು ಎದ್ದವಳು ಬಾಗಿಲಲ್ಲಿ ನಿಂತಳು. “ಆದ್ರೆ ಆ ಪೇಪರಿನವನು ಅಂದಿದ್ದು ನಿಜ ಕಣೇ. ನಿನ್ನ ದನೀಲಿ ಕಾವಿಲ್ಲ.”

“ಅದು ನಿನಗ್ಯಾರು ಹೇಳಿದ್ದು?”

“ಚಿಕ್ಕಮ್ಮ ಓದಿ ಹೇಳಿದ್ಲು. ಮೊದಲು ಅವನಿಗೆ ಇಬ್ಬರೂ ಸೇರಿ ಚೆನ್ನಾಗಿ ಬೈದ್ವಿ.”

ಗುನುಗಿಗೆ ನಗು ಬಂತು, ಮೈಯೂ ಉರಿಯಿತು. ಮೈಕ್ ಹತ್ತಿರ ಎಳೆದುಕೊಂಡು ಆಲ್ಬಮ್ಮಿನ ಮೊದಲ ಹಾಡನ್ನು ಮತ್ತೆ ಹಾಡತೊಡಗಿದಳು. ಹಾಡುವುದು, ಕೇಳುವುದು, ಅಳಿಸುವುದು. ಇನ್ನೂ ಅದರಲ್ಲೇ ಇದ್ದಾಳೆ.