ತೊಮಿ ಇದ್ದಾಳೆಂದು ಬರೆಸಿದ್ದು

“ನಾವು ಹುಟ್ಟಿದ ದ್ವೀಪ ಈಗ ರಷ್ಯಾದವರ ಕೈಲಿದೆ. ಆಗ ಅಲ್ಲಿ ನಮ್ಮವರದೇ ಆಳ್ವಿಕೆ, ಕರಾಫುತೋ ಅಂತ ಹೆಸರು. ಅಪ್ಪ ಕಾಗದದ ಕಾರ್ಖಾನೆ ಕೆಲಸಕ್ಕೆ ಅಂತ ಅಲ್ಲಿಗೆ ಹೋದವನು, ಅಲ್ಲೇ ತೀರಿಹೋದ. ಮಗು ಹುಟ್ಟಿದರೂ ಯಾರಾದರೂ ಸತ್ತರೂ ಊರಿನ ಕಚೇರಿಯಲ್ಲಿ ಬರೆಸಬೇಕಿತ್ತು. ಯುದ್ಧ ಸೋತು ಎರಡು ವರ್ಷಕ್ಕೆ ನಮಗೆ ಜಪಾನಿಗೆ ಬರೋಕೆ ಹಡಗು ಸಿಕ್ಕಿತು. ಅವತ್ತೇ ತಂಗಿ ತೊಮಿಗೆ ಮೈತುಂಬ ದಡಾರ. ಕಾಯಿಲೆ ಮಗು ಹತ್ತೋ ಹಾಗಿಲ್ಲ ಅಂದರು. ಅಮ್ಮ ಅವಳನ್ನ ಪಕ್ಕದ ಮನೆ ಕೊರಿಯಾದ ಹೆಂಗಸಿನ ಬೆನ್ನಿಗೆ ಕಟ್ಟಿ, ವಾಸಿಯಾದ ಮೇಲೆ ಬಂದು ಕರ್ಕೊಂಡು ಹೋಗ್ತೀನಿ ಅಂದಳು. ಆಮೇಲೆ ಹೋಗೋಕೆ ಯಾರು ಬಿಟ್ಟರು? ಕಚೇರಿ ಪುಸ್ತಕಗಳೂ ಅಲ್ಲೇ ಉಳಿದವು. ಇಲ್ಲಿ ಹೊಸದಾಗಿ ಕುಟುಂಬದ ದಾಖಲೆ ಬರೆಸುವಾಗ ಗುಮಾಸ್ತ ಕೇಳಿದ, ಎರಡನೇ ಮಗಳು ಇದ್ದಾಳಾ? ಇದ್ದಾಳೆ ಅಂದಳು ಅಮ್ಮ. ಅವನು ಬರೆದುಕೊಂಡ.”

ಹಿಸಾಯೋ ಅವರು ಜಪಾನಿ ಭಾಷೆಯಲ್ಲಿ ಹೇಳಿದ್ದನ್ನು ಸಿಂಧೂರಾ ತುಂಡು ತುಂಡಾಗಿ ಕನ್ನಡಕ್ಕೆ ತಿರುಗಿಸಿ ತಾಯಿಗೆ ಹೇಳುತ್ತಿದ್ದಳು. ಸೆಂಡಾಯ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ಮಗಳ ಜೊತೆ ಇರಲು ಬಂದ ಭಾನುಮತಿಗೆ ಪಕ್ಕದ ಮನೆಯ ಈ ಮುದುಕಿಯೇ ಗೆಳತಿ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ಚಹಾ ಕುಡಿಯಲು ಅದೇನೂ ಅಡ್ಡ ಬಂದಿರಲಿಲ್ಲ.

ಹಿಸಾಯೋ ಇದ್ದ ಮನೆ ಇನ್ನೂ ಸತ್ತ ಅಮ್ಮನ ಹೆಸರಿನಲ್ಲೇ ಇತ್ತು. ಈಗ ಕಾನೂನು ಬಿಗಿಯಾಗಿ, ಬದುಕಿರುವವರ ಹೆಸರಿಗೆ ಮಾಡಿಸಲೇಬೇಕಾಗಿತ್ತು. ದಾಖಲೆಯ ಪ್ರಕಾರ ತೊಮಿಗೂ ಪಾಲುಂಟು. ಅವಳು ಬಂದು ಒಪ್ಪಬೇಕು, ಇಲ್ಲವೇ ಸತ್ತಳೆಂದು ಕೋರ್ಟು ಹೇಳಬೇಕು. ಹಿಸಾಯೋ ಅವರ ಮಗ ಕೋರ್ಟಿಗೆ ಅರ್ಜಿ ಬರೆಸಿ ಮೇಜಿನ ಮೇಲಿಟ್ಟು ಹೋಗಿದ್ದ. ಹಿಸಾಯೋ ಅದಕ್ಕೆ, ಇಲ್ಲಿ ಸಹಿಯ ಬದಲು ಒತ್ತುವ ತಮ್ಮ ಮುದ್ರೆ ಒತ್ತಿರಲಿಲ್ಲ.

“ನನ್ನ ಕೈಯಾರೆ ಅವಳನ್ನ ಸಾಯಿಸು ಅಂತಾನೆ” ಎಂದರು.

ಭಾನುಮತಿ ಮಗಳ ಕಡೆ ತಿರುಗಿದರು. “ಅರ್ಜಿ ಕೊಟ್ಟ ತಕ್ಷಣ ಸತ್ತಳು ಅಂತ ಬರೆದುಬಿಡ್ತಾರೇನೇ? ಹುಡುಕೋದೂ ಇಲ್ವಾ?”

“ಇಲ್ಲಮ್ಮ, ಪ್ರೊಸೀಜರ್ ಇದೆ. ಫಸ್ಟ್ ಸರ್ಕಾರದ ಗೆಜೆಟ್‌ನಲ್ಲಿ ಹೆಸರು ಹಾಕ್ತಾರೆ. ಆಕೆ ಇದ್ರೆ ಬಂದು ಹೇಳಲಿ, ಗೊತ್ತಿರೋರು ತಿಳಿಸಲಿ ಅಂತ. ಕೆಲವು ತಿಂಗಳು ಕಾಯ್ತಾರೆ.”

“ಅಂದ್ರೆ ಹೆಸರು ಹಿಡಿದು ಕೂಗ್ತಾರೆ ಅನ್ನು. ಅದನ್ನ ಹೇಳೇ ಆಕೆಗೆ, ಬಾಯಲ್ಲೇನು ಕಡುಬು ಇಟ್ಕೊಂಡಿದ್ದೀಯ?”

ಸಿಂಧೂರಾ ಹೇಳಿದಳು. ಹಿಸಾಯೋ ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ ನಕ್ಕರು. “ಎಂಬತ್ತು ದಾಟಿದ ಮುದುಕಿ, ಅದೂ ಅಷ್ಟು ದೂರದಲ್ಲಿ, ಜಪಾನಿನ ಗೆಜೆಟ್ ಓದ್ತಾಳಾ? ಅವಳಿಗೆ ಈಗ ಯಾವ ಹೆಸರೋ, ಯಾವ ಭಾಷೆಯೋ. ಓದದಿದ್ದರೂ ಸರಿ. ಒಂದು ಸಲ ಕರೆಯಲಿ.”

ಮುದ್ರೆ ಒತ್ತಿದರು.

ಆ ಚಳಿಗಾಲವೆಲ್ಲ ಅಂಚೆಯವನ ಸ್ಕೂಟರ್ ಸದ್ದಾದರೆ ಹಿಸಾಯೋ ಚಪ್ಪಲಿ ಮೆಟ್ಟಿಕೊಳ್ಳುವ ಮೊದಲೇ ಬಾಗಿಲು ತೆಗೆಯುತ್ತಿದ್ದರು. ಭಾನುಮತಿ ಕಿಟಕಿಯಿಂದ ನೋಡಿ, ತಾವೂ ಒಲೆ ಸಣ್ಣ ಮಾಡಿ ನಿಲ್ಲುತ್ತಿದ್ದರು. ಅಂಗಡಿಯ ಜಾಹೀರಾತು, ಕರೆಂಟು ಬಿಲ್ಲು. ಬೇರೇನೂ ಬರಲಿಲ್ಲ.

ಹಿಮ ಕರಗಿದ ಮೇಲೆ ಕೋರ್ಟಿನ ತೀರ್ಪು ಬಂತು. ಕೊನೆಯ ಸಲ ಕಂಡ ದಿನದಿಂದ ಏಳು ವರ್ಷ ಲೆಕ್ಕ ಹಿಡಿದು, ಅಂದಿಗೆ ತೊಮಿ ಸತ್ತಳೆಂದು ತಿಳಿಯುವುದು ಇಲ್ಲಿನ ಕಾನೂನು. ವಾರ್ಡ್ ಕಚೇರಿಗೆ ಹೋಗಿ ಅದನ್ನು ಬರೆಸಿದವರು ಹಿಸಾಯೋ ಅವರೇ. ಸಿಂಧೂರಾ ಜೊತೆಗೆ ಹೋಗಿದ್ದಳು.

ಮರುದಿನ ಬೆಳಿಗ್ಗೆ ಅವರು ಬೀದಿಯಲ್ಲಿ ಸಿಕ್ಕಾಗ ಭಾನುಮತಿ ಹತ್ತಿರ ಹೋದರು. ಅವರ ತೋಳು ಹಿಡಿದುಕೊಂಡರು.

“ಬಾನು-ಸಾನ್” ಎಂದು ಹಿಸಾಯೋ ಶುರು ಮಾಡಿದರು. ಕೆಲಸಕ್ಕೆ ಹೊರಟಿದ್ದ ಸಿಂಧೂರಾ ಸೈಕಲ್ ನಿಲ್ಲಿಸಿ ಅವರ ಮಾತನ್ನು ಕನ್ನಡದಲ್ಲಿ ಹೇಳಿದಳು: “ನನ್ನ ಕಣ್ಣಿಗೆ ಅವಳು ಯಾವತ್ತೂ ಮೂರು ವರ್ಷದವಳೇ ಆಗಿದ್ದಳು. ಕೋರ್ಟು ಅವಳಿಗೆ ಇನ್ನೂ ಏಳು ವರ್ಷ ಕೊಟ್ಟಿದೆ. ಹತ್ತರ ಹುಡುಗಿ. ರಾತ್ರಿಯೆಲ್ಲ ಅವಳಿಗೆ ಜಡೆ ಹಾಕೋಕೆ ನೋಡಿದೆ, ಮುಖ ಮಾತ್ರ ಬರಲಿಲ್ಲ.”

ಭಾನುಮತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಹಿಸಾಯೋ ಅಳಲಿಲ್ಲ. ಆ ವಾರ ಬೀದಿಯ ಕಸದ ಜಾಗ ಗುಡಿಸುವ ಸರದಿ ಅವರದು, ಗಾಡಿ ಆಗಲೇ ಬಂದು ಹೋಗಿತ್ತು. ಕಾಗೆ ಕೆದಕದಂತೆ ಚೀಲಗಳ ಮೇಲೆ ಹೊದಿಸಿದ್ದ ಬಲೆಯ ಒಂದು ತುದಿಯನ್ನು ಅವರು ಎತ್ತಿದರು, ಇನ್ನೊಂದನ್ನು ಭಾನುಮತಿ ಹಿಡಿದರು. ಇಬ್ಬರೂ ಅದನ್ನು ಕೊಡವಿ, ಮಡಿಸಿ, ಗೋಡೆಯ ಕೊಕ್ಕೆಗೆ ಹಾಕಿದರು. ಹಿಸಾಯೋ ಪೊರಕೆ ತಂದು, ಕೆಳಗೆ ಬಿದ್ದಿದ್ದ ಮೊಟ್ಟೆಯ ಸಿಪ್ಪೆಯನ್ನು ಗುಡಿಸತೊಡಗಿದರು.