ನಡುವೆ ನಡೆದವಳು

ನಮ್ಮ ಬೇ ಏರಿಯಾದಲ್ಲಿ, ಲಾಸ್ ಗ್ಯಾಟೋಸಿನ ತೊರೆಯ ಪಕ್ಕದ ದಾರಿಯಲ್ಲಿ, ಮಾರ್ಚ್ ತಿಂಗಳು ಬಂತೆಂದರೆ ಒಂದು ತಿರುವಿನಲ್ಲಿ ಈರುಳ್ಳಿ ವಾಸನೆ ಬರುತ್ತದೆ. ಯಾರೋ ಒಗ್ಗರಣೆಗೆಂದು ಹೆಚ್ಚಿಟ್ಟು ಮರೆತುಹೋದ ಹಾಗೆ. ಮೊದಲ ಸಲ ಹತ್ತಿರದಲ್ಲಿ ಅಡುಗೆಮನೆ ಇರಬೇಕೆಂದು ನಾನು ಸುತ್ತಮುತ್ತ ನೋಡಿದ್ದುಂಟು. ಅಲ್ಲಿರುವುದು ಮರದ ನೆರಳಿನಲ್ಲಿ ಒತ್ತಾಗಿ ಬೆಳೆದ ಕಾಡು ಈರುಳ್ಳಿ. ಬಿಳಿ ಹೂ ಬಿಟ್ಟು ತಲೆ ತಗ್ಗಿಸಿ ನಿಂತಿರುತ್ತದೆ. ಕಳೆದ ಶನಿವಾರ ಬೆಳಿಗ್ಗೆ ಆ ತಿರುವಿಗೆ ಬಂದಾಗ ನನಗೆ ನಗು ಬಂತು. ಇದಕ್ಕೆ ಅಕ್ಕನೋ ತಂಗಿಯೋ ಆಗಬೇಕಾದ ಇನ್ನೊಂದು ಗಿಡದ ಮೇಲೆ, ಸ್ಕಾಟ್ಲೆಂಡಿನ ಒಂದು ನದಿಯ ದಂಡೆಯಲ್ಲಿ, ನಾನು ಆರು ವರ್ಷದ ಹಿಂದೆ ಅಂಗಾತ ಬಿದ್ದಿದ್ದೆ. ಬಿದ್ದ ಸುದ್ದಿಯನ್ನು ಯಾರೂ ಹೆಮ್ಮೆಯಿಂದ ಹೇಳಿಕೊಳ್ಳುವುದಿಲ್ಲ. ನಾನು ಹೇಳಿಕೊಳ್ಳುತ್ತೇನೆ. ನಾನು ಮಾಡಿದ ಉಪಯೋಗದ ಕೆಲಸಗಳ ಪಟ್ಟಿ ಅಷ್ಟೇನೂ ಉದ್ದವಿಲ್ಲ. ಇರುವುದರಲ್ಲಿ ಅದಕ್ಕೆ ಒಳ್ಳೆಯ ಜಾಗವಿದೆ.

ಅಲ್ಲಿಗೆ ನನ್ನನ್ನು ಕರೆದುಕೊಂಡು ಹೋದವರು ಮೆಹರ್ ಆಪಾ. ನಾವಿರುವ ಎವರ್‌ಗ್ರೀನ್ ಬಡಾವಣೆಯಲ್ಲಿ ನಮ್ಮ ಮನೆಗೂ ಅವರ ಮಗಳ ಮನೆಗೂ ನಡುವೆ ಒಂದು ಮರದ ಬೇಲಿ ಮಾತ್ರ. ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿ, ಗಂಡ ತೀರಿಕೊಂಡ ಮೇಲೆ ಮಗಳ ಹತ್ತಿರ ಬಂದವರು. ನನ್ನ ಮಗ ಚಿಕ್ಕವನಿದ್ದಾಗ ಸ್ವಲ್ಪ ಮೈ ಬಿಸಿಯಾದರೂ ಡೇಕೇರಿನವರು ಒಳಗೆ ಸೇರಿಸುತ್ತಿರಲಿಲ್ಲ. ನನಗೆ ಎಂಟೂವರೆಗೆ ಮೀಟಿಂಗು. ನಾನು ಫೋನ್ ಹಿಡಿದು ಹಿತ್ತಲಲ್ಲಿ ಒದ್ದಾಡುತ್ತಿದ್ದರೆ ಬೇಲಿಯ ಆಚೆಯಿಂದ ಎರಡು ಕೈ ಮೇಲೆ ಬರುತ್ತಿದ್ದವು. "ಕೊಡು ಇಲ್ಲೆ ಅವನ್ನ." ಇವತ್ತಿಗೂ ನನ್ನ ಮಗ ನಾನು ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ, ಆಪಾ ಮಾತಾಡಿಸಿದರೆ ಮಾತ್ರ "ಹೂಂನ್ರಿ" ಅನ್ನುತ್ತಾನೆ. ಹಾಸನದ ಹುಡುಗಿಯ ಮಗ ಹೀಗೆ ಹುಬ್ಬಳ್ಳಿಯವನಾದ.

ಆಪಾಗೆ ಮೊಣಕಾಲಿನ ಆಪರೇಷನ್ ಆಯಿತು. ದಿನಾ ನಡೆಯಬೇಕು ಎಂದು ಡಾಕ್ಟರು ಹೇಳಿದರು. ಸಂಜೆ ನಾನು ಜೊತೆಗೆ ಹೋಗತೊಡಗಿದೆ. ಒಂದು ದಿನ ನಡೆಯುತ್ತಾ ನಡೆಯುತ್ತಾ ಅವರು, "ನನ್ನ ತಮ್ಮ ದಿನಾ ಹೊಳಿ ದಂಡಿಗೆ ನಡೀತಾನಂತ," ಎಂದರು. ನಾನು ನಿಂತುಬಿಟ್ಟೆ. ಎಂಟು ವರ್ಷದ ಪರಿಚಯ. ಅವರಿಗೊಬ್ಬ ತಮ್ಮನಿದ್ದಾನೆ ಎಂದು ನನಗೆ ಅಂದೇ ಗೊತ್ತಾದದ್ದು.

ತಮ್ಮನ ಹೆಸರು ಸಲೀಂ. ಹರೆಯದಲ್ಲೇ ಸ್ಕಾಟ್ಲೆಂಡಿಗೆ ಹೋಗಿ, ನದಿ ಪಕ್ಕದ ಒಂದು ಸಣ್ಣ ಊರಿನಲ್ಲಿ ಕಿರಾಣಿ ಅಂಗಡಿ ಇಟ್ಟವರು. ತಾಯಿ ತೀರಿಕೊಂಡಾಗ ಅವರು ಹುಬ್ಬಳ್ಳಿಗೆ ಬರಲಿಲ್ಲ. ಆಪಾ ಫೋನಿನಲ್ಲಿ, "ನನಗ ತಮ್ಮ ಇಲ್ಲಂತ ತಿಳ್ಕೋತೀನಿ," ಎಂದು ಹೇಳಿ ಇಟ್ಟುಬಿಟ್ಟರು. ಅವರ ಹೆಂಡತಿ ಮಕ್ಕಳೂ ಇವರ ಮಗಳೂ ಆ ಕಡೆಯಿಂದ ಈ ಕಡೆಗೆ ಮಾತಾಡಿಕೊಂಡೇ ಇದ್ದರು, ಹಬ್ಬಕ್ಕೆ ಫೋಟೋ ಕಳಿಸಿಕೊಂಡರು. ಅಕ್ಕ ತಮ್ಮ ಇಬ್ಬರೇ ಮಾತಾಡದೆ ಒಂಬತ್ತು ವರ್ಷವಾಗಿತ್ತು.

"ಕಾಲು ನೆಟ್ಟಗಾಗೇತಿ. ಹೋಗಿ ಬರ್ತೀನಿ," ಎಂದರು ಆಪಾ. "ಮಗಳಿಗೆ ರಜಾ ಇಲ್ಲ. ನೀ ಬರ್ತಿ?"

ಈ ಹೆಂಗಸಿಗೆ ಇಲ್ಲ ಎನ್ನುವ ನಾಲಿಗೆ ನನಗಿರಲಿಲ್ಲ. ಅದೂ ಅಲ್ಲದೆ, ಸ್ಕಾಟ್ಲೆಂಡ್ ಎಂದ ಕೂಡಲೇ ನನ್ನೊಳಗಿನ ಸಾಹಸಿ ಎದ್ದು ಕುಳಿತಳು. ವಾರದೊಳಗೆ ಬೂಟು ಬಂತು, ಎರಡು ಊರುಗೋಲು ಬಂದವು, ಇಪ್ಪತ್ತು ಜೇಬಿನ ಒಂದು ಜಾಕೆಟ್ಟು ಬಂತು. ಆಪಾ ತಮ್ಮ ಎಂದಿನ ಕರಿ ಸ್ನೀಕರ್ಸಿನಲ್ಲೇ ಹೊರಟರು.

ರೈಲು ಇಳಿದಾಗ ಸಲೀಂ ಭಾಯಿ ಸ್ಟೇಷನ್ನಿನಲ್ಲಿ ನಿಂತಿದ್ದರು. ಎತ್ತರದ ಆಳು, ಬಿಳಿ ಗಡ್ಡ, ತಲೆಗೆ ಉಣ್ಣೆ ಟೋಪಿ. ಅಕ್ಕನ ಸೂಟ್‌ಕೇಸು ಕೈಗೆ ತೆಗೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾರ, ಪ್ರಯಾಣ ಹೆಂಗಾತು ಕೇಳ್ರಿ, ನಿಮ್ಮ ಜೋಡಿ ಬಂದೋರಿಗೆ," ಎಂದರು. ನನಗಿಂತ ಹದಿನೈದು ವರ್ಷ ದೊಡ್ಡವರ ಬಾಯಿಂದ ಅಕ್ಕಾರ ಅನ್ನಿಸಿಕೊಂಡ ಗಾಬರಿಯಲ್ಲಿ ನಾನು ನಿಜವಾಗಿಯೂ ಆಪಾ ಕಡೆ ತಿರುಗಿ, "ಪ್ರಯಾಣ ಹೇಗಾಯ್ತು?" ಎಂದು ಕೇಳಿಬಿಟ್ಟೆ. ಹನ್ನೊಂದು ಗಂಟೆ ಪಕ್ಕದ ಸೀಟಿನಲ್ಲಿ ಕುಳಿತು ಬಂದವಳು ನಾನೇ.

"ಚಲೋ ಆತಂತ ಹೇಳು," ಎಂದರು ಆಪಾ.

ಮನೆಯಲ್ಲೂ ಹೀಗೆಯೇ ನಡೆಯಿತು. ಅವರ ಮನೆಮಾತು ಉರ್ದು. ನನಗೆ ಉರ್ದು ಬಾರದು, ಆದ್ದರಿಂದ ನನ್ನ ಮೂಲಕ ಹೋಗಬೇಕಾದ ಮಾತೆಲ್ಲ ಕನ್ನಡದಲ್ಲಿ ಬಂತು. ಉಪ್ಪು ಬೇಕೇನು ಕೇಳ್ರಿ. ಬ್ಯಾಡಂತ ಹೇಳು. ಮರುದಿನ ಬೆಳಿಗ್ಗೆ ಸಲೀಂ ಭಾಯಿಯ ಹೆಂಡತಿ, ಮನೆಯಲ್ಲಿ ಇಬ್ಬರ ಮುಖ ನೋಡಿ ಸಾಕಾಗಿರಬೇಕು, "ಇವ್ರನ್ನೂ ಹೊಳಿ ದಂಡಿಗೆ ಕರ್ಕೊಂಡ್ ಹೋಗ್ರಿ," ಎಂದು ಗಂಡನಿಗೆ ಹೇಳಿ ಮೂವರನ್ನೂ ಹೊರಗೆ ಹಾಕಿದರು.

ಆ ದಾರಿಯನ್ನು ನಾನು ಹೇಗೆ ಹೇಳಲಿ? ನೀವು ಎವರ್‌ಗ್ರೀನಿನವರಾದರೆ ಮೊದಲು ನಮ್ಮ ಒಣ ಗುಡ್ಡಗಳನ್ನು ಮನಸ್ಸಿನಿಂದ ತೆಗೆಯಿರಿ. ಅಲ್ಲಿ ನೀರಿದೆ, ಎಲ್ಲೆಲ್ಲೂ. ನದಿಯ ನೀರು ಫಿಲ್ಟರ್ ಕಾಫಿಯ ಎರಡನೇ ಡಿಕಾಕ್ಷನ್ನಿನ ಬಣ್ಣ. ಕಲ್ಲಿನ ಮೇಲೆ ಹಾರಿದಲ್ಲಿ ಮಾತ್ರ ಬಿಳಿ ನೊರೆ. ಮೇಲೆ ಹೊಸ ಚಿಗುರಿನ ಮರಗಳು, ಅವುಗಳ ಸಂದಿಯಿಂದ ಹಸಿರಾಗಿ ಸೋಸಿ ಇಳಿಯುವ ಬೆಳಕು. ಬಿಸಿಲಿರುವಾಗಲೇ ಹನಿ ಬೀಳುತ್ತದೆ, ಯಾರೂ ಕೊಡೆ ಬಿಚ್ಚುವುದಿಲ್ಲ. ಕಾಡಿನ ನೆಲದ ತುಂಬ ಬಿಳಿ ಹೂವಿನ ಕಾಡು ಬೆಳ್ಳುಳ್ಳಿ. ಎದುರಿಗೆ ನಾಯಿ ಹಿಡಿದು ಬರುವವರೆಲ್ಲ ಸಲೀಂ ಭಾಯಿಗೆ ಗೊತ್ತು. ಅವರು ಏನೋ ಹೇಳುತ್ತಾರೆ, ಇವರು "ಆಯ್, ಆಯ್" ಅನ್ನುತ್ತಾರೆ. ಆ ಸೀಮೆಯಲ್ಲಿ ಹೌದು ಎನ್ನುವುದಕ್ಕೆ ಆಯ್ ಅನ್ನುತ್ತಾರಂತೆ. ನಾಲ್ಕನೇ ನಾಯಿ ದಾಟಿದ ಮೇಲೆ ಆಪಾ ನನ್ನ ಬೆನ್ನ ಹಿಂದಿನಿಂದ, "ಊರ ಮಂದಿಗೆಲ್ಲ ಆಯಿ ಅಂತಾನ. ಹಡೆದ ಆಯಿ ಸತ್ತಾಗ ಬರಲಿಲ್ಲ," ಎಂದರು.

ಇದನ್ನು ಮುಂದಕ್ಕೆ ದಾಟಿಸಬೇಕೇ ಬೇಡವೇ ಎಂದು ನಾನು ಯೋಚಿಸಿದೆ. ದಾಟಿಸುವ ಅಗತ್ಯವಿರಲಿಲ್ಲ. ಮುಂದೆ ಹೋಗುತ್ತಿದ್ದ ಬೆನ್ನು ಒಂದು ಕ್ಷಣ ನಿಂತು ಮತ್ತೆ ನಡೆಯಿತು.

ದಾರಿ ಒಬ್ಬರು ನಡೆಯುವಷ್ಟೇ ಅಗಲ. ಮುಂದೆ ತಮ್ಮ, ಹಿಂದೆ ಅಕ್ಕ, ನಡುವೆ ನಾನು.

"ಅಕ್ಕಾರ, ಮುಂದ ಬೇರು ಅದಾವು. ನೋಡಿ ಕಾಲಿಡಂತ ಹೇಳ್ರಿ ಆಕಿಗೆ."

"ನನಗ ಕಣ್ಣು ಅದಾವಂತ ಹೇಳು ಅವಂಗ."

ನಾನು ಮುಂದೆ ತಿರುಗಿ, "ಥ್ಯಾಂಕ್ಸ್ ಅಂತಿದ್ದಾರೆ," ಎಂದೆ.

"ನಾ ಹಂಗ ಅಂದಿಲ್ಲ," ಎಂದರು ಆಪಾ.

ಆಫೀಸಿನಲ್ಲೂ ನನ್ನದು ಇದೇ ಕೆಲಸ. ಮೇಲಿನವರ ಸಿಟ್ಟನ್ನು ಸ್ವಲ್ಪ ನೀರು ಬೆರೆಸಿ ಕೆಳಗಿನವರಿಗೆ, ಕೆಳಗಿನವರ ಗೊಣಗಾಟವನ್ನು ಸ್ವಲ್ಪ ಸಕ್ಕರೆ ಬೆರೆಸಿ ಮೇಲಿನವರಿಗೆ ಮುಟ್ಟಿಸುತ್ತೇನೆ. ಅದರಲ್ಲಿ ನನಗೆ ಒಳ್ಳೆಯ ಹೆಸರಿದೆ. ನಾನಿಲ್ಲದಿದ್ದರೆ ಇವರ ಗತಿಯೇನು ಎಂಬ ಜಂಬ ಆ ಕಾಡಿನಲ್ಲೂ ನನ್ನನ್ನು ಬಿಟ್ಟಿರಲಿಲ್ಲ. ಊರುಗೋಲು ಊರುತ್ತಾ, ಹಿಂದೆ ಮುಂದೆ ತಿರುಗಿ ಮಾತು ದಾಟಿಸುತ್ತಾ ಬೀಗಿ ನಡೆಯುತ್ತಿದ್ದೆ. ನೀವೇ ಹೇಳಿ, ಹಾಗೆ ಹಿಂದೆ ತಿರುಗಿಕೊಂಡು ನಡೆಯುವವರು ಬೀಳದೆ ಏನಾಗುತ್ತಾರೆ?

ಇಳಿಜಾರಿನಲ್ಲಿ ಎಡಗಾಲು ಕೆಸರಿನಲ್ಲಿ ಜಾರಿತು. ಊರುಗೋಲು ಎರಡೂ ಎರಡು ದಿಕ್ಕಿಗೆ ಹೋದವು. ನಾನು ದಾರಿಯ ಅಂಚು ದಾಟಿ, ಬೆಳ್ಳುಳ್ಳಿ ಗಿಡಗಳನ್ನು ಅರೆದುಕೊಂಡು ನದಿಯ ಕಡೆಗೆ ಜಾರತೊಡಗಿದೆ. ಮೂರು ಮಾರು ಕೆಳಗೆ ನೀರು ಭೋರೆನ್ನುತ್ತಿತ್ತು. ಕೈಗೆ ಒಂದು ಬೇರು ಸಿಕ್ಕಿತು, ನಿಂತೆ.

"ಸಲೀಂ! ಆಕಿ ಕೈ ಹಿಡಿ!"

"ಹಿಡಿದೀನಿ ಆಪಾ! ನೀ ಮುಂದ ಬರಬ್ಯಾಡ, ನಿನ್ನ ಕಾಲು!"

"ನನ್ನ ಕಾಲಿಗೆ ಏನಾಗೇತಿ? ಆ ಜಾಕೆಟ್ ಹಿಡಿದು ಜಗ್ಗು!"

ಇಪ್ಪತ್ತು ಜೇಬಿನಲ್ಲಿ ಹದಿನೆಂಟನ್ನು ಹಿಡಿದು ಇಬ್ಬರೂ ನನ್ನನ್ನು ಮೇಲಕ್ಕೆ ಎಳೆದುಕೊಂಡರು. ಮಂಡಿ ತರಚಿತ್ತು, ಅಷ್ಟೇ. ಮೈಯೆಲ್ಲ ಕೆಸರು, ಬೆಳ್ಳುಳ್ಳಿ ಚಟ್ನಿಯ ಘಮಘಮ. ಸ್ವಲ್ಪ ಮುಂದೆ ಅಡ್ಡ ಬಿದ್ದಿದ್ದ ಒಂದು ಮರದ ಮೇಲೆ ಮೂವರೂ ಕುಳಿತೆವು. ಒಂಬತ್ತು ವರ್ಷದ ನಂತರ ತಾವು ಒಬ್ಬರನ್ನೊಬ್ಬರು ಕೂಗಿದ್ದು ಅವರಿಗೂ ಆಗ ತಿಳಿದಿರಬೇಕು.

ಸಲೀಂ ಭಾಯಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ನೀರು ನೋಡುತ್ತಲೇ, "ಅಕ್ಕಾರ, ಅವತ್ತ ಟಿಕೆಟ್ ಸಿಕ್ಕಿತ್ರಿ," ಎಂದರು. "ಏರ್‌ಪೋರ್ಟ್ ತನಾ ಹೋಗಿದ್ದೆ. ನಮ್ಮಲ್ಲಿ ಇಟ್ಕೊಳ್ಳಂಗಿಲ್ಲ, ಅವತ್ತ ಮಣ್ಣು ಕೊಡ್ತಾರ. ನಾ ಮುಟ್ಟೂದ್ರೊಳಗ ಎಲ್ಲಾ ಮುಗಿದಿರ್ತಿತ್ತು. ಅಲ್ಲೇ ಕುರ್ಚಿ ಮ್ಯಾಲೆ ಕುಂತು ಕುಂತು ವಾಪಸ್ ಬಂದೆ. ಮಣ್ಣು ಕೊಟ್ಟ ಮ್ಯಾಲೆ ಹೋಗಿ ನಾ ಯಾರ್ನ ನೋಡ್ಲಿ?"

ಎಂದಿನ ಅಭ್ಯಾಸದಂತೆ ನಾನು ಆಪಾ ಕಡೆ ತಿರುಗಿ ಬಾಯಿ ತೆರೆದೆ. ಆಪಾ ನನ್ನ ಮಂಡಿಯ ಮೇಲೆ ಕೈಯಿಟ್ಟು ಸುಮ್ಮನಿರಿಸಿದರು.

"ನನ್ನ," ಎಂದರು. "ನನ್ನ ನೋಡಬೇಕಿತ್ತೋ, ಸಲೀಂ. ಆಕಿ ಹೋದ್ಲು. ಆ ಮನ್ಯಾಗ ನಾ ಒಬ್ಬಾಕಿನ ಇದ್ದೆ."

ಸಲೀಂ ಭಾಯಿ ಅಕ್ಕನ ಕಡೆ ತಿರುಗಿದರು. "ತಪ್ಪಾತು, ಆಪಾ," ಎಂದರು.

"ನನ್ನ ತಪ್ಪೂ ಐತಿ. ಅಂಥಾ ಮಾತು ಆಡಿ ಫೋನ್ ಇಡಬಾರದಿತ್ತು."

ನಾನು ಎದ್ದು ನನ್ನ ಊರುಗೋಲು ಹುಡುಕಲು ಹೋದೆ. ಅವು ನಾನು ಜಾರಿದ ಜಾಗದಲ್ಲೇ ಕಣ್ಣಿಗೆ ಕಾಣುವಂತೆ ಬಿದ್ದಿದ್ದವು; ಹುಡುಕಲು ಬಹಳ ಹೊತ್ತು ತೆಗೆದುಕೊಂಡೆ. ತಿರುಗಿ ಬಂದಾಗ ಅಕ್ಕ ತಮ್ಮ ಉರ್ದುವಿನಲ್ಲಿ ಮಾತಾಡುತ್ತಿದ್ದರು. ಒಂದಕ್ಷರ ಅರ್ಥವಾಗಲಿಲ್ಲ. ಮುಂದಿನ ಎರಡು ಮೈಲಿ ನಾನು ಅವರಿಬ್ಬರ ಹಿಂದೆ, ನೀರಿನ ಸದ್ದು ಕೇಳುತ್ತಾ, ಆರಾಮವಾಗಿ ನಡೆದೆ. ದಾರಿ ಕಿರಿದಾದಲ್ಲಿ ತಮ್ಮ ಹಿಂದಕ್ಕೆ ಕೈ ಚಾಚುತ್ತಿದ್ದರು, ಅಕ್ಕ ಹಿಡಿದುಕೊಳ್ಳುತ್ತಿದ್ದರು. ಕೆಲಸ ಹೋದದ್ದಕ್ಕೆ ಅಷ್ಟು ಖುಷಿಪಟ್ಟವರು ಬೇ ಏರಿಯಾದಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

ಮರುವರ್ಷ ಸಲೀಂ ಭಾಯಿ ಎವರ್‌ಗ್ರೀನಿಗೆ ಬಂದರು. ನಮ್ಮ ತೊರೆ ನೋಡಿ, "ಇದು ಹೊಳಿ? ನೀರೆಲ್ಲಿ?" ಎಂದು ಕೇಳಿ ನನ್ನ ಮಾನ ಕಳೆದರು. ಈಗ ಆಪಾ ವರ್ಷಕ್ಕೊಂದು ತಿಂಗಳು ಅಲ್ಲಿಗೆ ಹೋಗುತ್ತಾರೆ. ಒಬ್ಬರೇ. ವಿಮಾನ ಬದಲಾಯಿಸುವುದು, ರೈಲು ಹಿಡಿಯುವುದು ಎಲ್ಲ ಅವರೇ. ನನ್ನನ್ನು ಕೇಳುವುದೂ ಇಲ್ಲ.

ಈ ಮಾರ್ಚಿನಲ್ಲೂ ಅವರು ಅಲ್ಲೇ ಇದ್ದಾರೆ. ಆದ್ದರಿಂದ ಕಳೆದ ಶನಿವಾರ ಲಾಸ್ ಗ್ಯಾಟೋಸಿನಲ್ಲಿ ನಾನು ಒಬ್ಬಳೇ ಇದ್ದೆ. ತಿರುವು ದಾಟಿ ಒಂದು ಕಲ್ಲುಬೆಂಚಿನ ಮೇಲೆ ಕುಳಿತಾಗ ನನಗೂ ಒಬ್ಬ ಅಣ್ಣನಿದ್ದಾನೆ ಎಂಬುದು ನೆನಪಾಯಿತು. ಮರೆತಿದ್ದೆ ಎಂದಲ್ಲ. ಪಾಲೋ ಆಲ್ಟೋದಲ್ಲಿದ್ದಾನೆ, ಫ್ರೀವೇಯಲ್ಲಿ ಅರ್ಧ ಗಂಟೆ. ಜಗಳವೇನೂ ಆಗಿಲ್ಲ. ಹುಟ್ಟುಹಬ್ಬಕ್ಕೆ ಮೆಸೇಜು ಕಳಿಸುತ್ತೇವೆ, ಯಾರದೋ ಮನೆಯ ಪೂಜೆಯಲ್ಲಿ ಸಿಕ್ಕರೆ ಪ್ಲೇಟು ಹಿಡಿದು ಐದು ನಿಮಿಷ ನಿಲ್ಲುತ್ತೇವೆ. ಅವನ ಕ್ಷೇಮ ನನಗೆ ಅತ್ತಿಗೆಯಿಂದ ತಿಳಿಯುತ್ತದೆ, ನನ್ನದು ಅವನಿಗೆ ನನ್ನ ಗಂಡನಿಂದ. ನಾವಿಬ್ಬರೇ ಕೂತು ಮಾತಾಡಿದ್ದು ಯಾವಾಗ ಎಂದು ಲೆಕ್ಕ ಹಾಕಿದೆ. ಉತ್ತರ ಸಿಗಲಿಲ್ಲ.

ಅಲ್ಲಿಂದಲೇ ಫೋನ್ ಮಾಡಿದೆ.

"ಅಣ್ಣಾ, ಲಾಸ್ ಗ್ಯಾಟೋಸ್‌ನಲ್ಲಿದ್ದೀನಿ. ತೊರೆ ಹತ್ರ ಪಾರ್ಕಿಂಗ್‌ನಲ್ಲಿ ಕಾಯ್ತಿರ್ತೀನಿ. ಈಗ ಬಾ."

"ಈಗ್ಲಾ? ಏನಾಯ್ತೇ?"

"ಬಾ, ಹೇಳ್ತೀನಿ."

ನಲವತ್ತು ನಿಮಿಷದಲ್ಲಿ ಬಂದ. ಮನೆಯ ಚಪ್ಪಲಿಯಲ್ಲೇ ಹೊರಟುಬಿಟ್ಟಿದ್ದ, ಕೂದಲು ಬಾಚಿರಲಿಲ್ಲ. ಕಾರಿನ ಬಾಗಿಲು ಸರಿಯಾಗಿ ಹಾಕದೆ ಓಡುತ್ತಲೇ ಬಂದು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಕೆಟ್ಟದ್ದೇನೂ ಆಗಿಲ್ಲ ಎಂದು ಗೊತ್ತಾದ ಮೇಲೆ ಸಿಟ್ಟು ಬಂತು.

"ಮತ್ತೆ ವಿಷ್ಯ ಏನು?"

"ವಿಷ್ಯ ಏನೂ ಇಲ್ಲ," ಎಂದೆ. "ಹೋಗಿ ಕಾರಿನ ಬಾಗಿಲು ಹಾಕ್ಕೊಂಡು ಬಾ. ನಡೆಯೋಣ."

ಅವನು ಹೋಗಿ ಹಾಕಿಕೊಂಡು ಬಂದ.